1881ರ ಹೆಮ್ಮೆ ಸಾಕು, ಕಳೆದ ಗ್ರಾಮಸಭೆಯ ಲೆಕ್ಕ ಕೊಡಿ

ದಸರಾ ಹತ್ತಿರ ಬಂದರೆ ಒಂದು ಫಾರ್ವರ್ಡ್ ಮೆಸೇಜು ಊರೂರು ಸುತ್ತುತ್ತದೆ. "ಇಡೀ ಭಾರತಕ್ಕೆ ಪ್ರಜಾಪ್ರಭುತ್ವ ಕಲಿಸಿದ್ದು ನಮ್ಮ ಮೈಸೂರು. 1881ರಲ್ಲೇ ನಮ್ಮಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತು." ಕೆಳಗೆ ಅರಮನೆಯ ದೀಪಾಲಂಕಾರದ ಫೋಟೊ, ಕೈಮುಗಿದ ಇಮೋಜಿ. ಇದೇ ಮಾತನ್ನು ಸ್ವಾತಂತ್ರ್ಯ ದಿನದ ವೇದಿಕೆಯಲ್ಲಿ ಶಾಸಕರು ಹೇಳುತ್ತಾರೆ, ತರಬೇತಿ ಶಿಬಿರದಲ್ಲಿ ಅಧಿಕಾರಿಗಳು ಹೇಳುತ್ತಾರೆ. ನಾವು ವರದಿಗಾರರು ಅದನ್ನು ಹಾಗೇ ಬರೆದುಕೊಂಡು ಬರುತ್ತೇವೆ.

ನಮ್ಮ ತಕರಾರು ಇರುವುದು ಇಲ್ಲಿ. ಆ ಸಭೆ ಇದ್ದದ್ದು ನಿಜ. ಅದರ ಹೆಮ್ಮೆಯನ್ನು ಇವತ್ತು ಬಳಸುತ್ತಿರುವ ರೀತಿ ಮಾತ್ರ ಮೋಸದ್ದು. ನಮ್ಮಜ್ಜ ತುಪ್ಪ ತಿಂದ, ನನ್ನ ಕೈ ಮೂಸಿ ನೋಡು ಎಂಬಂತಾಗಿದೆ. ಮೂಸಿ ನೋಡುವ ಮೊದಲು ಅಜ್ಜ ತಿಂದದ್ದೇನು, ಯಾವ ಅಜ್ಜ ತಿಂದ, ಯಾರ ಮನೆಯ ಅಜ್ಜ ಹೊರಗೆ ನಿಂತಿದ್ದ ಅನ್ನುವುದನ್ನು ಕೇಳಬೇಕು.

ನಿಜ ಇರುವಷ್ಟು ನಿಜ

ಮೊದಲು ಸಲ್ಲಬೇಕಾದ ಮಾನ ಸಲ್ಲಿಸೋಣ. 1831ರಿಂದ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದರು. 50 ವರ್ಷದ ನಂತರ, 1881ರ ಮಾರ್ಚ್ 25ರಂದು, ಅಧಿಕಾರ ಮತ್ತೆ ಒಡೆಯರ ಮನೆತನಕ್ಕೆ ಬಂತು. ಹತ್ತನೇ ಚಾಮರಾಜೇಂದ್ರ ಒಡೆಯರು ಮಹಾರಾಜರಾದರು, ಸಿ. ರಂಗಾಚಾರ್ಲು ದಿವಾನರಾದರು. ಅದೇ ವರ್ಷದ ಆಗಸ್ಟ್ 25ರಂದು ಪ್ರತಿನಿಧಿಗಳ ಸಭೆ ಕರೆಯುವ ಆದೇಶ ಹೊರಟಿತು. ಅಕ್ಟೋಬರ್ 7ರಂದು ಮೈಸೂರಿನಲ್ಲಿ ಮೊದಲ ಸಭೆ ಸೇರಿತು. ಬಂದ ಪ್ರತಿನಿಧಿಗಳು 144 ಮಂದಿ.

ಆಗ ನಾಡು ಯಾವ ಸ್ಥಿತಿಯಲ್ಲಿತ್ತು ಅನ್ನುವುದು ನೆನಪಿರಲಿ. 1876ರಿಂದ 78ರವರೆಗಿನ ಬರ ಆಗಷ್ಟೇ ಮುಗಿದಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರಿನ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಆರು ಜನರಿದ್ದ ಕಡೆ ಐದು ಜನ ಉಳಿದಿದ್ದರು ಅಂತ ಲೆಕ್ಕ. ಅದರ ಮೇಲೆ ಬರದ ಕಾಲದ 80 ಲಕ್ಷ ರೂಪಾಯಿ ಸಾಲ. ಇಂಥ ಹೊತ್ತಿನಲ್ಲಿ ಒಬ್ಬ ದಿವಾನ ತಾಲೂಕುಗಳಿಂದ ಜನರನ್ನು ಕರೆಸಿ ಎದುರಿಗೆ ಕೂರಿಸಿಕೊಂಡು, ಸರ್ಕಾರದ ಆದಾಯ ಇಷ್ಟು, ಖರ್ಚು ಇಷ್ಟು, ಮುಂದೆ ಮಾಡಬೇಕೆಂದಿರುವುದು ಇಷ್ಟು ಅಂತ ಹೇಳಿದ್ದು ಸಣ್ಣ ಸಂಗತಿಯಲ್ಲ. ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಮುಂಬಯಿ, ಮದರಾಸು ಪ್ರಾಂತಗಳಲ್ಲಿ ಆಗ ಅಷ್ಟೂ ಇರಲಿಲ್ಲ. ಅಲ್ಲಿನ ಶಾಸನ ಸಭೆಗಳಿಗೆ ಸರ್ಕಾರವೇ ತನಗೆ ಬೇಕಾದ ಕೆಲವರನ್ನು ನೇಮಿಸಿಕೊಳ್ಳುತ್ತಿತ್ತು. 1892ರ ಕಾಯ್ದೆ ಬಂದ ಮೇಲೂ ಅಲ್ಲಿ ಚುನಾವಣೆ ಎಂಬ ಪದವನ್ನು ಬಾಯಿಬಿಟ್ಟು ಬಳಸಲಿಲ್ಲ. ಮುನಿಸಿಪಾಲಿಟಿ, ಲೋಕಲ್ ಬೋರ್ಡುಗಳು ಹೆಸರು ಶಿಫಾರಸು ಮಾಡುವುದು, ಸರ್ಕಾರ ಅದಕ್ಕೆ ಮುದ್ರೆ ಒತ್ತುವುದು, ಇಷ್ಟೇ.

ಹಾಗಾಗಿ ಮೈಸೂರು ಮುಂದಿತ್ತು ಅನ್ನುವುದರಲ್ಲಿ ಸುಳ್ಳಿಲ್ಲ. ಆದರೆ "ನಮ್ಮ ಕರ್ನಾಟಕ" ಅನ್ನುವಾಗ ಸ್ವಲ್ಪ ತಡೆಯಬೇಕು. ಧಾರವಾಡ, ಬೆಳಗಾವಿ, ವಿಜಯಪುರದ ರೈತ ಆಗ ಮುಂಬಯಿ ಪ್ರಾಂತದವನು. ಬಳ್ಳಾರಿ, ಮಂಗಳೂರಿನವನು ಮದರಾಸಿನವನು. ಕಲಬುರಗಿ, ರಾಯಚೂರಿನವನು ಹೈದರಾಬಾದ್ ನಿಜಾಮನ ಪ್ರಜೆ. ಈ ಬರಹ ಓದುತ್ತಿರುವ ನಿಮ್ಮಲ್ಲಿ ಅರ್ಧದಷ್ಟು ಜನರ ಮುತ್ತಜ್ಜನಿಗೆ ಆ ಸಭೆಯ ಬಾಗಿಲು ಎಲ್ಲಿದೆ ಅಂತಲೂ ಗೊತ್ತಿರಲಿಕ್ಕಿಲ್ಲ.

ಯಾರನ್ನು ಯಾರು ಆರಿಸಿದರು?

ಈಗ ಫಾರ್ವರ್ಡ್ ಮೆಸೇಜಿನಲ್ಲಿ ಇಲ್ಲದ ವಿಷಯಕ್ಕೆ ಬರೋಣ. 1881ರ ಆ 144 ಜನರಿಗೆ ಯಾರೂ ಓಟು ಹಾಕಿರಲಿಲ್ಲ. ಜಿಲ್ಲೆಯ ಲೋಕಲ್ ಫಂಡ್ ಬೋರ್ಡುಗಳಿಗೆ ಆದೇಶ ಹೋಯಿತು: ಪ್ರತಿ ತಾಲೂಕಿನಿಂದ ತಿಳುವಳಿಕೆಯುಳ್ಳ, ಜನರ ನಡುವೆ ಪ್ರಭಾವ ಇರುವ ಒಬ್ಬಿಬ್ಬರು ಭೂಮಾಲೀಕ ರೈತರನ್ನು ಕಳಿಸಿ, ಜಿಲ್ಲೆಯಿಂದ ಮೂರ್ನಾಲ್ಕು ಮುಖ್ಯ ವರ್ತಕರನ್ನು ಕಳಿಸಿ ಅಂತ. ಬೋರ್ಡಿನಲ್ಲಿ ಕೂತವರಾದರೂ ಜನ ಆರಿಸಿದವರಲ್ಲ. ಅಂದರೆ ಸಾಹೇಬರಿಗೆ ಪರಿಚಯ ಇದ್ದ ಗೌಡ, ಪಟೇಲ, ಸಾಹುಕಾರ ಗಾಡಿ ಕಟ್ಟಿಸಿಕೊಂಡು ದಸರಾಕ್ಕೆ ಹೋದ, ನಾಡಿನ ಪರವಾಗಿ ಕೂತು ಬಂದ.

ಚುನಾವಣೆ ಬಂದದ್ದು ಹತ್ತು ವರ್ಷದ ನಂತರ, 1891ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ. ಮುಂಬಯಿ, ಮದರಾಸಿಗಿಂತ ಇದೂ ಮುಂದೆಯೇ. ಆದರೆ ಆ ಚುನಾವಣೆಯಲ್ಲಿ ಪಾಲು ಪಡೆಯಲು ಆಸ್ತಿಯ ಅರ್ಹತೆ ಬೇಕಿತ್ತು. ದೊಡ್ಡ ಮೊತ್ತದ ಕಂದಾಯ ಕಟ್ಟುವ ಭೂಮಾಲೀಕ, ತೆರಿಗೆ ಕಟ್ಟುವ ವರ್ತಕ, ಇನಾಮು ಹಳ್ಳಿಯ ಒಡೆಯ, ಆಸ್ತಿ ಇದ್ದ ಪದವೀಧರ, ಇಂಥವರಿಗೆ ಮಾತ್ರ ಬಾಗಿಲು ತೆರೆಯಿತು.

ಉಳಿದವರು? ಎರಡೆಕರೆ ಹೊಲದವನು ಹೊರಗೆ. ಗುತ್ತಿಗೆಗೆ ಉಳುವವನು ಹೊರಗೆ. ಜೀತಕ್ಕಿದ್ದವನು, ಕೂಲಿಯವನು, ಊರ ಹೊರಗಿನ ಕೇರಿಯವನು ಹೊರಗೆ. ಬರದಲ್ಲಿ ಮೊದಲು ಸತ್ತವರು ಇದೇ ಜನ. ಬರ ಮುಗಿದ ಮೇಲೆ ನಾಡಿನ ಲೆಕ್ಕ ಕೇಳಲು ಕರೆದ ಸಭೆಯಲ್ಲಿ ಅವರ ಕಡೆಯ ಒಬ್ಬನೂ ಇರಲಿಲ್ಲ. ಹೆಂಗಸರ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಈ ಸಭೆಗೆ ಸಂಬಂಧಿಸಿ ಹೆಣ್ಣು ಎಂಬ ಕಾರಣಕ್ಕೆ ಇದ್ದ ಅಡ್ಡಿ ಹೋದದ್ದು 1923ರಲ್ಲಿ.

ಹೇಳಿಕೊಳ್ಳಬಹುದು, ತೀರ್ಮಾನಿಸುವಂತಿಲ್ಲ

ಹೋಗಲಿ, ಒಳಗೆ ಹೋದವರಾದರೂ ಏನು ಮಾಡಬಹುದಿತ್ತು? ದಿವಾನರ ಭಾಷಣ ಕೇಳಬಹುದಿತ್ತು. ನಮ್ಮ ತಾಲೂಕಿನ ಕೆರೆ ಒಡೆದಿದೆ, ರಸ್ತೆ ಇಲ್ಲ, ಕಂದಾಯ ಭಾರ ಆಗಿದೆ, ಕಾಡಿನ ಕಾನೂನಿನಿಂದ ದನ ಮೇಯಿಸಲು ಆಗುತ್ತಿಲ್ಲ ಅಂತ ಅಹವಾಲು ಹೇಳಿಕೊಳ್ಳಬಹುದಿತ್ತು. ಅದಕ್ಕೆ ಸರ್ಕಾರ ಉತ್ತರ ಕೊಡುತ್ತಿತ್ತು. ಕೆಲವು ಸಲ ಕೆಲಸವೂ ಆಗುತ್ತಿತ್ತು. ಆದರೆ ತೆರಿಗೆ ಬೇಡ ಅಂತ ಸಭೆ ನಿರ್ಧರಿಸಿದರೆ ತೆರಿಗೆ ನಿಲ್ಲುತ್ತಿರಲಿಲ್ಲ. ಕಾನೂನು ಬೇಡ ಅಂದರೆ ಕಾನೂನು ಬೀಳುತ್ತಿರಲಿಲ್ಲ. ಬಜೆಟ್ಟಿಗೆ ಅವರ ಒಪ್ಪಿಗೆ ಬೇಕಿರಲಿಲ್ಲ. ವರ್ಷಕ್ಕೆ ಒಂದು ಸಲ, ಕೆಲವೇ ದಿನ. ಆಮೇಲೆ ಊರಿಗೆ ವಾಪಸ್ಸು.

ದಿವಾನರ ಕೈಯೂ ಪೂರ್ತಿ ಬಿಚ್ಚಿರಲಿಲ್ಲ ಅನ್ನುವುದು ಇನ್ನೊಂದು ಸತ್ಯ. 1881ರಲ್ಲಿ ಅಧಿಕಾರ ಹಸ್ತಾಂತರಿಸಿದ ಬ್ರಿಟಿಷರು ಬರೆಸಿಕೊಂಡ ಕರಾರು ಹೀಗಿತ್ತು: ಆಗ ಜಾರಿಯಲ್ಲಿದ್ದ ಕಾನೂನುಗಳನ್ನು ಗವರ್ನರ್ ಜನರಲ್ ಒಪ್ಪಿಗೆ ಇಲ್ಲದೆ ಮಹಾರಾಜರು ಬದಲಿಸುವಂತಿಲ್ಲ, ಆಡಳಿತದ ಕ್ರಮವನ್ನೂ ಮುಖ್ಯವಾಗಿ ಬದಲಿಸುವಂತಿಲ್ಲ. ಮೈಸೂರು ಬ್ರಿಟಿಷರಿಗೆ ವರ್ಷ ವರ್ಷ ಕಟ್ಟುತ್ತಿದ್ದ ಪೊಗದಿಯನ್ನು 24 ಲಕ್ಷ 50 ಸಾವಿರದಿಂದ 35 ಲಕ್ಷ ರೂಪಾಯಿಗೆ ಏರಿಸಿದ್ದೂ ಅದೇ ಕರಾರು. ಬರದಿಂದ ಎದ್ದು ನಿಲ್ಲಲು ಆಗದ ನಾಡು ಅನ್ನುವ ಕಾರಣಕ್ಕೆ ಏರಿಕೆಯನ್ನು ಕೆಲ ವರ್ಷ ಮುಂದೂಡಿದರು, ಅಷ್ಟೆ. ನಾಡಿನ ಅತಿ ದೊಡ್ಡ ಖರ್ಚುಗಳಲ್ಲಿ ಒಂದು ಇದು. ಇದು ಹೆಚ್ಚೋ ಕಡಿಮೆಯೋ ಅಂತ ತೀರ್ಮಾನಿಸುವ ಹಕ್ಕು ಪ್ರತಿನಿಧಿಗಳಿಗೂ ಇರಲಿಲ್ಲ, ದಿವಾನರಿಗೂ ಇರಲಿಲ್ಲ. ಕೆರೆ ತೂಬಿನ ಬಗ್ಗೆ ಮಾತಾಡಿ, ಖಜಾನೆಯ ಬೀಗದ ಕೈ ಬೇರೆ ಕಡೆ ಇದೆ. ವಸಾಹತು ಕಾಲದ ಪ್ರಾತಿನಿಧ್ಯ ಅಂದರೆ ಹೀಗೆ.

ಇನ್ನೂ ಮುಖ್ಯವಾದ ಒಂದು ವಿಷಯ. ಈ ಸಭೆ ನಿಂತಿದ್ದು ಸರ್ಕಾರಿ ಆದೇಶದ ಮೇಲೆ. ಅದಕ್ಕೆ ಕಾಯ್ದೆಯ ಬುನಾದಿ ಸಿಕ್ಕಿದ್ದು 1923ರಲ್ಲಿ. 42 ವರ್ಷ ಅದು ಕರೆದವರ ಮರ್ಜಿಯಲ್ಲಿ ಬದುಕಿತು. ಕರೆದರೆ ಸಭೆ. ಕರೆಯದಿದ್ದರೆ ಯಾವ ಕೋರ್ಟಿಗೆ ಹೋಗಿ, ಯಾವ ಕಾನೂನು ತೋರಿಸಿ ಕೇಳುವುದು?

"ಆರಿಸಿ ಬಂದವರೇ ಹಿಂದುಳಿದಿದ್ದರಲ್ಲ?"

ನಮ್ಮ ಮಾತಿಗೆ ಎದುರು ಮಾತು ಇದೆ, ಅದು ದುರ್ಬಲವೂ ಅಲ್ಲ. 1894ರಲ್ಲಿ ಮೈಸೂರು ಸರ್ಕಾರ ಬಾಲ್ಯವಿವಾಹ ತಡೆಯುವ ಕಾನೂನು ತಂದಿತು. 8 ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವುದು, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಕಟ್ಟಿಕೊಳ್ಳುವುದು ಅಪರಾಧವಾಯಿತು. ಪ್ರತಿನಿಧಿ ಸಭೆಯ ಅನೇಕ ಸದಸ್ಯರು ಇದನ್ನು ವಿರೋಧಿಸಿದ್ದರು. ಧರ್ಮಕ್ಕೆ ಕೈ ಹಾಕಬೇಡಿ ಅಂದಿದ್ದರು. ಸರ್ಕಾರ ಅವರ ಮಾತು ಮೀರಿ ಕಾನೂನು ಮಾಡಿತು.

ಇದನ್ನು ತೋರಿಸಿ ಕೆಲವರು ಹೇಳುತ್ತಾರೆ: "ನೋಡಿ, ಜನಪ್ರತಿನಿಧಿಗಳ ಕೈಗೆ ಅಧಿಕಾರ ಕೊಟ್ಟಿದ್ದರೆ ಆ ಕಾನೂನೇ ಬರುತ್ತಿರಲಿಲ್ಲ. ತಿಳಿದ ದಿವಾನ, ಓದಿದ ಅಧಿಕಾರಿ ಇದ್ದರೆ ಸಾಕು." ಇವತ್ತು ತಾಲೂಕು ಕಚೇರಿಗಳಲ್ಲೂ ಇದೇ ಮಾತು ಬೇರೆ ರೂಪದಲ್ಲಿ ಕೇಳಿಸುತ್ತದೆ. "ಮೆಂಬರುಗಳು ಬಂದರೆ ಬರೀ ಗಲಾಟೆ. ಆಡಳಿತಾಧಿಕಾರಿ ಇದ್ದರೆ ಕೆಲಸ ಸಲೀಸು."

ನಮ್ಮ ಉತ್ತರ ಇದು. ಆ ಸಭೆಯಲ್ಲಿ ಕೂತವರು ಯಾರು? ಆಸ್ತಿವಂತ ಗಂಡಸರು. ಎಂಟು ವರ್ಷದ ಹುಡುಗಿಯ ಮದುವೆಯ ಬಗ್ಗೆ ಮಾತಾಡುವಾಗ ಎಂಟು ವರ್ಷಕ್ಕೆ ಮದುವೆಯಾಗಿ, ಹತ್ತಕ್ಕೆ ವಿಧವೆಯಾಗಿ ತಲೆ ಬೋಳಿಸಿಕೊಂಡು ಅಡುಗೆಮನೆ ಸೇರಿದ್ದ ಒಬ್ಬ ಹೆಂಗಸೂ ಅಲ್ಲಿರಲಿಲ್ಲ. ಅವಳಿಗೆ ಓಟು ಇದ್ದಿದ್ದರೆ ಆ ಸದಸ್ಯರು ಹಾಗೆ ಮಾತಾಡುವ ಮೊದಲು ಎರಡು ಸಲ ಯೋಚಿಸುತ್ತಿದ್ದರು. ಕಿರಿದಾದ ಬಾಗಿಲಿನ ಸಭೆ ಕಿರಿದಾದ ಮಾತನ್ನೇ ಆಡುತ್ತದೆ. ಅದಕ್ಕೆ ಮದ್ದು ಬಾಗಿಲು ಅಗಲ ಮಾಡುವುದು. ಸಭೆಯನ್ನೇ ಬೇಡ ಅನ್ನುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಒಳ್ಳೆಯ ದಿವಾನನ ನಂತರ ಎಂಥವನು ಬರುತ್ತಾನೆ ಅನ್ನುವುದೂ ನಮ್ಮ ಕೈಯಲ್ಲಿರುವುದಿಲ್ಲ. ಮೈಸೂರಿನಲ್ಲಿ ಎಂ. ವೆಂಕಟಕೃಷ್ಣಯ್ಯನವರು, ಜನ 'ತಾತಯ್ಯ' ಅಂತ ಕರೆದವರು, 'ವೃತ್ತಾಂತ ಚಿಂತಾಮಣಿ' ಪತ್ರಿಕೆಯಲ್ಲಿ ಆಡಳಿತವನ್ನು ಬಿಡದೆ ಪ್ರಶ್ನಿಸುತ್ತಿದ್ದರು. ಅದೇ ಮೈಸೂರು 1908ರಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಿತು. ಪ್ರತಿಭಟಿಸಿ ಪತ್ರಿಕೆಗಳೇ ಮುಚ್ಚಿದವು. ಮೇಲಿನವರ ದಯೆಯಿಂದ ಬಂದ ಮಾತಾಡುವ ಅವಕಾಶ ಮೇಲಿನವರ ಸಿಟ್ಟಿಗೆ ಹೋಗುತ್ತದೆ.

ಈಗ ನಮ್ಮ ಊರಿಗೆ ಬನ್ನಿ

1881ರ ಪ್ರತಿನಿಧಿಗೆ ಇಲ್ಲದ್ದು ಇವತ್ತು ನಿಮ್ಮಲ್ಲಿ ಎಲ್ಲವೂ ಇದೆ. 18 ತುಂಬಿದ ಪ್ರತಿಯೊಬ್ಬರಿಗೂ ಓಟಿದೆ. ಪಂಚಾಯಿತಿ ಸೀಟುಗಳಲ್ಲಿ ಹೆಂಗಸರಿಗೆ ಅರ್ಧ ಪಾಲಿದೆ. 1993ರ ಪಂಚಾಯತ್ ರಾಜ್ ಕಾಯ್ದೆ ಇದೆ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಲೇಬೇಕು. ಮನೆ ಯಾರಿಗೆ ಮಂಜೂರಾಗಬೇಕು ಅನ್ನುವ ಫಲಾನುಭವಿ ಪಟ್ಟಿ ಅಲ್ಲೇ ತೀರ್ಮಾನ ಆಗಬೇಕು. ಈ ಸಭೆ ಯಾವ ಮಹಾರಾಜರ ಕೃಪೆಯೂ ಅಲ್ಲ.

ನಡೆಯುತ್ತಿರುವುದೇನು? ನಾವು ವರದಿಗೆ ಹೋದ ಎಷ್ಟೋ ಗ್ರಾಮಸಭೆಗಳಲ್ಲಿ ಕಂಡದ್ದು ಇಷ್ಟು. ಹಿಂದಿನ ದಿನ ಸಂಜೆ ಡಂಗುರ, ಕೆಲವು ಕಡೆ ಅದೂ ಇಲ್ಲ. ಶಾಮಿಯಾನದ ಕೆಳಗೆ ಇಲಾಖೆಯ ಸಿಬ್ಬಂದಿ ಒಬ್ಬೊಬ್ಬರೇ ಎದ್ದು ಯೋಜನೆಗಳ ಪಟ್ಟಿ ಓದುತ್ತಾರೆ. ಜನ ಕುಡಿಯುವ ನೀರು, ಚರಂಡಿ, ಸ್ಮಶಾನದ ದಾರಿ ಅಂತ ಕೂಗುತ್ತಾರೆ. "ಗಮನಕ್ಕೆ ತೆಗೆದುಕೊಳ್ಳಲಾಗಿದೆ" ಅನ್ನುತ್ತಾರೆ. ಉಪ್ಪಿಟ್ಟು, ಟೀ, ಹಾಜರಿ ಪುಸ್ತಕಕ್ಕೆ ಸಹಿ. ನಡಾವಳಿ ಬರೆಯುವುದು ಆಮೇಲೆ, ಆಫೀಸಿನಲ್ಲಿ. ಫಲಾನುಭವಿ ಪಟ್ಟಿ ಎಲ್ಲೋ ತಯಾರಾಗಿ ಬಂದಿರುತ್ತದೆ. ಹೆಂಗಸು ಅಧ್ಯಕ್ಷೆ ಆಗಿರುವ ಕಡೆ ಮೈಕು ಗಂಡನ ಕೈಯಲ್ಲಿ.

ಹೀಗೆ ನಡೆದರೆ ಅದು 1881ರ ಸಭೆ. ಹೇಳಿಕೊಳ್ಳಿ, ಕೇಳಿಸಿಕೊಳ್ಳುತ್ತೇವೆ, ತೀರ್ಮಾನ ನಮ್ಮದು. ಒಂದು ಲೆಕ್ಕದಲ್ಲಿ ಅದಕ್ಕಿಂತಲೂ ಕಡೆ. ರಂಗಾಚಾರ್ಲು ಕೊನೇಪಕ್ಷ ಆದಾಯ ಖರ್ಚಿನ ಲೆಕ್ಕವನ್ನು ಎದುರಿಗೆ ನಿಂತು ಹೇಳಿದರು. ನಿಮ್ಮ ಪಂಚಾಯಿತಿಯ ಕಳೆದ ವರ್ಷದ ಲೆಕ್ಕವನ್ನು ಯಾರಾದರೂ ಹಾಗೆ ಓದಿ ಹೇಳಿದ್ದಾರಾ?

ಮೇಲಿನ ಹಂತದ ಕತೆ ಇನ್ನೂ ಕೆಟ್ಟದ್ದು. ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಿಗೆ ಕಳೆದ ಸಲ ಚುನಾವಣೆ ನಡೆದದ್ದು 2016ರಲ್ಲಿ. ಅವುಗಳ ಐದು ವರ್ಷದ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ವಿಂಗಡಣೆ ಅಂದರು, ಮೀಸಲಾತಿ ಪಟ್ಟಿ ಅಂದರು, ಕೋರ್ಟು ಕಟ್ಟೆ ಅಂದರು. ನಡುವೆ ರಾಜ್ಯದಲ್ಲಿ ಸರ್ಕಾರವೇ ಬದಲಾಯಿತು. 2024 ಮುಗಿದರೂ ಚುನಾವಣೆ ನಡೆದಿರಲಿಲ್ಲ. ಒಂದು ಪಕ್ಷ ಶುರು ಮಾಡಿದ ವಿಳಂಬವನ್ನು ಇನ್ನೊಂದು ಪಕ್ಷ ಜೋಪಾನವಾಗಿ ಮುಂದುವರಿಸಿತು. ಜಿಲ್ಲೆಯ ಕೋಟಿಗಟ್ಟಲೆ ದುಡ್ಡಿನ ಯೋಜನೆಗಳಿಗೆ ಆಡಳಿತಾಧಿಕಾರಿಗಳೇ ಸಹಿ ಹಾಕಿದರು. ನಿಮ್ಮ ಹೋಬಳಿಯ ಶಾಲೆಯ ಸೂರು ಸೋರಿದರೆ ಜಿಲ್ಲಾ ಮಟ್ಟದ ಸಭೆಯಲ್ಲಿ ಎದ್ದು ನಿಂತು ಕೇಳಲು ನೀವು ಆರಿಸಿದ ಒಬ್ಬ ಮೆಂಬರೂ ಅಲ್ಲಿರಲಿಲ್ಲ.

1881ರಲ್ಲಿ ಕಾನೂನು ಇರಲಿಲ್ಲ, ಆದರೂ ವರ್ಷಕ್ಕೊಮ್ಮೆ ಸಭೆ ಕರೆದರು. ಈಗ ಸಂವಿಧಾನವೇ ಇದೆ, ಆದರೂ ಚುನಾವಣೆ ಕರೆಯಲಿಲ್ಲ. "ಮೊದಲ ಪ್ರಜಾಪ್ರಭುತ್ವ ನಮ್ಮದು" ಅಂತ ವೇದಿಕೆಯಲ್ಲಿ ಎದೆ ತಟ್ಟುವವರಿಗೆ ಈ ಒಂದು ಪ್ರಶ್ನೆಯನ್ನು ಕೇಳಲೇಬೇಕು.

ಮಾಡಬೇಕಾದ್ದು

ಭಾಷಣ ಸಾಕು. ಮುಂದಿನ ಗ್ರಾಮಸಭೆಗೆ ಹೋಗುವಾಗ ನಾಲ್ಕು ಕೆಲಸ ಮಾಡಿ.

ಒಂದು, ಮೊಟ್ಟಮೊದಲಿಗೆ ಕಳೆದ ಸಭೆಯ ನಡಾವಳಿ ಓದಿಸಿ. ಆಗ ಒಪ್ಪಿದ ಕೆಲಸಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಅಂತ ಒಂದೊಂದಾಗಿ ಕೇಳಿ. ಅದಾಗದೆ ಹೊಸ ವಿಷಯಕ್ಕೆ ಹೋಗಲು ಬಿಡಬೇಡಿ.

ಎರಡು, ಫಲಾನುಭವಿ ಪಟ್ಟಿಯ ಪ್ರತಿ ಹೆಸರನ್ನೂ ಸಭೆಯಲ್ಲಿ ಜೋರಾಗಿ ಓದಿಸಿ. ಊರಿನ ಎದುರು ಹೆಸರು ಕೂಗಿದಾಗ ಮಾಳಿಗೆ ಮನೆಯವರ ಹೆಸರು ತಾನಾಗಿಯೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮೂರು, ಸಭೆ ಮುಗಿಯುವ ಮೊದಲು ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಡಿ. ನಡಾವಳಿಯನ್ನು ಅಲ್ಲೇ ಬರೆಸಿ, ಅಲ್ಲೇ ಓದಿಸಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಫೋಟೊ ತೆಗೆಯಲು ಬಿಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ನಾಲ್ಕು, ಕೇರಿಯವರು, ಕೂಲಿಯವರು, ಹೆಂಗಸರು ಬರಲಾಗದ ಹೊತ್ತಿನಲ್ಲಿ ಸಭೆ ಇಟ್ಟರೆ ಹೊತ್ತು ಬದಲಿಸಿ ಅಂತ ಬರೆದುಕೊಡಿ. ಕಳೆ ಕೀಳುವ ಕಾಲದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕರೆದ ಸಭೆಗೆ ಬರುವವರು ಯಾರು? 1891ರಲ್ಲಿ ಕಂದಾಯದ ಲೆಕ್ಕ ಹಿಡಿದು ಹೊರಗಿಟ್ಟವರನ್ನೇ ಇವತ್ತು ಗಡಿಯಾರ ತೋರಿಸಿ ಹೊರಗಿಡುತ್ತಿದ್ದಾರೆ.

ಇಷ್ಟು ಮಾಡಿದರೆ ಗಲಾಟೆ ಆಗುತ್ತದೆ ಅನ್ನುವುದು ನಮಗೆ ಗೊತ್ತು. ಆಗಲಿ. ಲೆಕ್ಕ ಕೇಳುವ ಕಡೆ ಸ್ವಲ್ಪ ಗದ್ದಲ ಇದ್ದೇ ಇರುತ್ತದೆ. ಮುಂದಿನ ದಸರಾಕ್ಕೆ ಆ ಮೆಸೇಜು ನಿಮ್ಮ ಊರಿನ ಗ್ರೂಪಿಗೆ ಬಂದಾಗ, ಅದರ ಕೆಳಗೆ ನಿಮ್ಮ ಪಂಚಾಯಿತಿಯ ಕಳೆದ ಗ್ರಾಮಸಭೆಯ ನಡಾವಳಿಯ ಫೋಟೊ ಹಾಕಿ. ಫೋಟೊ ಇಲ್ಲದಿದ್ದರೆ, ಅದು ಎಲ್ಲಿದೆ ಅಂತ ಕೇಳಿ.